ಆಣೆ ಮಾಡಿಸಬೇಡಿ, ಚೀಟಿ ಮಾಡಿಸಿ

ಕುಡಿತ ಬಿಡಿಸಬೇಕು ಅಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಆಣೆ. ಮಗಳ ತಲೆ ಮುಟ್ಟಿಸಿ ಹೇಳಿಸುತ್ತೇವೆ. ಮನೆದೇವರ ಗುಡಿಗೆ ಕರೆದೊಯ್ದು ಉರಿಯುವ ಕರ್ಪೂರದ ಮುಂದೆ ನಿಲ್ಲಿಸುತ್ತೇವೆ. ಸೋದರಮಾವನನ್ನೋ ಊರ ಹಿರಿಯರನ್ನೋ ಕರೆಸಿ ಪಂಚಾಯ್ತಿ ಕೂಡಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಅಯ್ಯಪ್ಪನ ಮಾಲೆ. ಮಾಲೆ ಹಾಕಿದ 41 ದಿನ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಹಬ್ಬ: ಬೆಳಗಿನ ಜಾವದ ತಣ್ಣೀರು ಸ್ನಾನ, ಸಂಜೆ ಭಜನೆ, ದುಡಿದ ಕೂಲಿ ನೇರ ಹೆಂಡತಿಯ ಕೈಗೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಅದೇ ಅಂಗಡಿ, ಅದೇ ಕ್ವಾರ್ಟರ್. ಈಗ ಅವನು ಬರೀ ಕುಡುಕನಲ್ಲ, ದೇವರಿಗೂ ಮಾತು ತಪ್ಪಿದವನು. ಆ ಅವಮಾನ ನುಂಗಿಕೊಳ್ಳಲು ಇನ್ನೊಂದು ಕ್ವಾರ್ಟರ್.

ನನ್ನ ಮನವಿ ಇಷ್ಟೇ. ಆಣೆ ಮಾಡಿಸುವುದನ್ನು ಬಿಟ್ಟು, ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ಹೊರರೋಗಿ ಚೀಟಿ ಮಾಡಿಸಿ. ನಂಬಿಕೆಯಿರುವವರು ಹರಕೆಯನ್ನೂ ಹೊರಲಿ, ನನ್ನ ತಕರಾರಿಲ್ಲ. ಆದರೆ ಹರಕೆಯೊಂದನ್ನೇ ನೆಚ್ಚಿ ಕೂರಬೇಡಿ. ಒಂದು ಹಂತ ದಾಟಿದ ಮೇಲೆ ಕುಡಿತ ಮನಸ್ಸು ಗಟ್ಟಿ ಮಾಡಿಕೊಂಡ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ. ಮೆದುಳು, ನರ, ಯಕೃತ್ತು ಎಲ್ಲವನ್ನೂ ಹಿಡಿದ ಕಾಯಿಲೆ ಅದು. ಸಕ್ಕರೆ ಕಾಯಿಲೆ ಬಂದವನನ್ನು ಗುಡಿಗೆ ಎಳೆದೊಯ್ದು, ‘ಇನ್ನು ಮೇಲೆ ಸಕ್ಕರೆ ಏರಿಸಿಕೊಳ್ಳೋದಿಲ್ಲ ಅಂತ ಆಣೆ ಮಾಡು’ ಅನ್ನುತ್ತೇವೆಯೇ?

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಮದ್ಯದಿಂದ ತೊಂದರೆಗೆ ಸಿಕ್ಕು ಯಾರಾದರೂ ಕೈಹಿಡಿಯಬೇಕಾದ ಸ್ಥಿತಿಯಲ್ಲಿರುವವರು ದೇಶದಲ್ಲಿ ಸುಮಾರು 5.7 ಕೋಟಿ. ಅವರಲ್ಲಿ ಅರ್ಧದಷ್ಟು ಜನ ಪೂರಾ ಅವಲಂಬನೆಗೆ ಬಿದ್ದವರು. ಹಾಗೆ ಬಿದ್ದವರ ಪೈಕಿ ಯಾವುದಾದರೂ ಬಗೆಯ ಚಿಕಿತ್ಸೆ ಕಂಡವನು 38 ಜನರಲ್ಲಿ ಒಬ್ಬ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ. ಅದಕ್ಕೂ ಮುಂಚೆ, 2015-16ರಲ್ಲಿ ನಮ್ಮ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳಿತ್ತು: ಕುಡಿತದ ಕಾಯಿಲೆಯಿರುವ ನೂರರಲ್ಲಿ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಔಷಧಿ ಇಲ್ಲದ ಕಾಯಿಲೆಯಾಗಿದ್ದರೆ ಹಣೆಬರಹ ಅಂದುಕೊಳ್ಳಬಹುದಿತ್ತು. ಔಷಧಿ ಇದೆ, ಅದೂ ಬಹಳ ದೂರದಲ್ಲೇನಿಲ್ಲ.

ಆಣೆಗಿಂತ ಅಪಾಯದ್ದು ಇನ್ನೊಂದಿದೆ. ‘ಇವತ್ತಿನಿಂದ ಒಂದು ತೊಟ್ಟೂ ಮುಟ್ಟಕೂಡದು’ ಎಂದು ಕೋಣೆಯೊಳಗೆ ಕೂಡಿ ಚಿಲಕ ಹಾಕುವುದು. ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಲೇ ನಿಂತರೆ ಸುಮ್ಮನಿರುವುದಿಲ್ಲ. ಆರೆಂಟು ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರು. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಹೊದಿಕೆಯಿಂದ ಇಲ್ಲದ ನೂಲನ್ನು ಹೆಕ್ಕುತ್ತಾರೆ, ಎಂದೋ ಸತ್ತವರ ಜತೆ ಮಾತಾಡುತ್ತಾರೆ, ಎದುರು ನಿಂತ ಹೆಂಡತಿಯ ಗುರುತು ಹತ್ತುವುದಿಲ್ಲ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಊರಲ್ಲಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ತಾಯಿತ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಜೀವ ಹೋಗಿರಲೂಬಹುದು.

ಆಸ್ಪತ್ರೆಯಲ್ಲಿ ಇದನ್ನು ತಡೆಯುವುದು ದೊಡ್ಡ ಪವಾಡವೇನಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಮಾತ್ರೆಗಳನ್ನು ಮೊದಲು ಹೆಚ್ಚು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ ಬರುತ್ತಾರೆ. ಜತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಈ ಬಿ1 ವಿಷಯ ಸಣ್ಣದಲ್ಲ. ಹಲವು ದಿನ ಉಣ್ಣದೆ ಕುಡಿದವನಿಗೆ ‘ಸುಸ್ತು’ ಎಂದು ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ, ಬಿ1 ಕೊರತೆ ಇನ್ನಷ್ಟು ಕೆರಳಿ ನೆನಪಿನ ಶಕ್ತಿಗೇ ಕುತ್ತು ಬರಬಹುದು. ಆದ್ದರಿಂದ ಯಾವ ವೈದ್ಯರ ಮುಂದೆ ಕೂತರೂ, ‘ಇವರು ದಿನಾ ಕುಡೀತಾರೆ, ಕೊನೇ ಸಲ ಕುಡಿದದ್ದು ಇಂಥ ಹೊತ್ತಿಗೆ’ ಎಂದು ಬಾಯಿಬಿಟ್ಟು ಹೇಳಿ. ಬೈಕಿನಿಂದ ಬಿದ್ದು ಕಾಲು ಮುರಿದು ಸೇರಿಸಿದಾಗಲೂ ಹೇಳಿ. ಮಾನ ಹೋಗುತ್ತದೆಂದು ಮನೆಯವರು ಮುಚ್ಚಿಡುತ್ತಾರೆ. ಆಪರೇಷನ್ ಆದ ಮೂರನೇ ದಿನ ರೋಗಿ ಡ್ರಿಪ್ ಕಿತ್ತೆಸೆದು ಮಂಚದಿಂದ ಧುಮುಕಿದಾಗ ವಾರ್ಡಿಗೆ ವಾರ್ಡೇ ಗಾಬರಿಯಾಗುತ್ತದೆ.

ಇದು ಒಂದಿಬ್ಬರ ಕಥೆಯಲ್ಲ ಎಂಬುದು 2020ರ ಲಾಕ್‌ಡೌನಿನಲ್ಲಿ ಎಲ್ಲರಿಗೂ ಕಂಡಿತು. ಮಾರ್ಚ್ ಕೊನೆಯಲ್ಲಿ ಮದ್ಯದಂಗಡಿಗಳಿಗೆ ಏಕಾಏಕಿ ಬೀಗ ಬಿದ್ದಾಗ, ಕುಡಿತ ಒಮ್ಮೆಲೇ ನಿಂತಾಗಿನ ತೀವ್ರ ಲಕ್ಷಣಗಳೊಂದಿಗೆ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿತ್ತು. ನಿಮ್ಹಾನ್ಸ್ ವೈದ್ಯರೇ ಅದನ್ನು ದಾಖಲಿಸಿ ಬರೆದರು. ಮೇ 4ರಂದು ಬಾಗಿಲು ತೆರೆದಾಗಿನ ಕಿಲೋಮೀಟರುದ್ದದ ಸಾಲು ನೋಡಿ ನಾವೆಲ್ಲ ನಕ್ಕೆವು, ಮೀಮ್ ಹಂಚಿದೆವು. ಆ ಸಾಲಿನಲ್ಲಿ ಮೋಜಿಗೆ ನಿಂತವರಿದ್ದರು, ನಿಜ. ನಡುಗುವ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ನಿಂತವರೂ ಇದ್ದರು.

ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಇರುವ ಬರಹ ನೀವೂ ನೋಡಿರುತ್ತೀರಿ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ.’ ಕೆಳಗೊಂದು ಮೊಬೈಲ್ ನಂಬರು. ಪುಡಿಯನ್ನು ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಅಂತಾರೆ. ಅದರೊಳಗೆ ಏನಿದೆ ಎಂದು ಮಾರುವವನೂ ಹೇಳನು, ಕೊಳ್ಳುವವಳಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿಯೊಂದಿದೆ. ಡೆನ್ಮಾರ್ಕಿನ ಸಂಶೋಧಕರು 1940ರ ದಶಕದಲ್ಲಿ ಅದರ ಗುಣ ಕಂಡುಕೊಂಡರು. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದು, ಹೃದಯ ಮತ್ತು ಯಕೃತ್ತು ಪರೀಕ್ಷಿಸಿದ ಮೇಲಷ್ಟೇ ವೈದ್ಯರು ಅದನ್ನು ಬರೆಯುತ್ತಾರೆ. ಕದ್ದು ಬೆರೆಸಿದರೆ ಅದು ಔಷಧಿಯಲ್ಲ, ವಿಷಪ್ರಾಶನ. ಮಾತು ಕಟುವಾಯಿತು, ಆದರೆ ಬೇರೆ ಪದ ಹೊಳೆಯುತ್ತಿಲ್ಲ. ತಾಯಂದಿರೇ, ಅಕ್ಕಂದಿರೇ, ನಿಮ್ಮ ಸಂಕಟದ ಮೇಲೆ ವ್ಯಾಪಾರ ಮಾಡುವವರಿಗೆ ದಯವಿಟ್ಟು ಕಾಸು ಕೊಡಬೇಡಿ.

ಹಾಗಾದರೆ ಹೋಗುವುದೆಲ್ಲಿಗೆ? ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಿವೆ. ಎಲ್ಲರೂ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ 1980ರ ದಶಕದಲ್ಲಿ, ನಮ್ಮ ಬಳ್ಳಾರಿಯಲ್ಲಿ. ಅಲ್ಲಿ ಕಲಿತದ್ದನ್ನೇ 1996ರಿಂದ ದೇಶಕ್ಕೆ ಹರಡಿದ್ದು. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಸರದಿಯಂತೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ನಿಮ್ಮ ತಾಲ್ಲೂಕಿನ ಮಂಗಳವಾರ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಂಥದೊಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತಿದ್ದೆ. ನಲವತ್ತು ದಾಟಿದ ಗಾರೆ ಕೆಲಸದವರೊಬ್ಬರು ಬಂದರು, ಹೆಂಡತಿ ಜತೆಗಿದ್ದರು. ಹೆಂಡತಿ ದೂರಿನ ದೊಡ್ಡ ಗಂಟೇ ಬಿಚ್ಚಲು ಸಿದ್ಧವಾಗಿದ್ದರು. ವೈದ್ಯೆ ಅವರನ್ನು ಕೂರಿಸಿ, ಗಂಡನಿಗೆ ‘ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ’ ಅಂದರು. ಬೆರಳುಗಳು ನಡುಗಿದವು. ‘ಬೆಳಿಗ್ಗೆ ಎದ್ದ ತಕ್ಷಣ ಬೇಕಾ?’ ‘ಬೇಕು ಮೇಡಂ, ಇಲ್ಲಾಂದ್ರೆ ಕರಣೆ ಹಿಡಿಯೋಕಾಗಲ್ಲ.’ ಎಷ್ಟು, ಯಾವಾಗ, ಬಿಟ್ಟಾಗ ಏನಾಗಿತ್ತು, ಫಿಟ್ಸ್ ಬಂದಿತ್ತಾ... ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಹೆಚ್ಚುಕಡಿಮೆ ಅದೇ ಧಾಟಿ. ಬುದ್ಧಿವಾದ ಇಲ್ಲ, ಬೈಗುಳ ಇಲ್ಲ. ಕೊನೆಗೆ ವೈದ್ಯೆ ಕೇಳಿದ್ದು ಒಂದೇ: ‘ಕುಡಿತದಿಂದ ನಿಮಗೆ ಸಿಕ್ಕಿದ್ದೇನು, ಹೋದದ್ದೇನು, ನೀವೇ ಹೇಳಿ.’ ಆತ ಬಹಳ ಹೊತ್ತು ಸುಮ್ಮನಿದ್ದು, ‘ಮೇಸ್ತ್ರಿ ಅಂತಿದ್ರು, ಈಗ ಲೇ ಅಂತಾರೆ’ ಅಂದರು.

ಚಿಕಿತ್ಸೆಯ ಅರ್ಧ ಭಾಗ ಈ ಮಾತೇ. ಕುಡಿತ ನಿಲ್ಲಿಸಿದ ಮೊದಲ ವಾರ ದಾಟುವುದು ಬರೀ ಹೊಸ್ತಿಲು. ಆಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳುಂಟು. ಅವುಗಳ ಜತೆಗೆ, ಯಾವ ಹೊತ್ತು, ಯಾವ ಗೆಳೆಯ, ಯಾವ ಜಗಳ ತನ್ನನ್ನು ಅಂಗಡಿಗೆ ಎಳೆಯುತ್ತದೆ ಎಂದು ರೋಗಿ ತಾನೇ ಗುರುತಿಸಿಕೊಳ್ಳುವಂತೆ ಮಾಡುವ ಆಪ್ತಸಮಾಲೋಚನೆ. ಇದಕ್ಕೆ ದೊಡ್ಡ ಪದವೀಧರರೇ ಬೇಕೆಂದೂ ಇಲ್ಲ. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯರೇ ಹೆಚ್ಚೆಂದರೆ ನಾಲ್ಕು ಬಾರಿ ಕೂತು ಮಾತಾಡಿಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರಲ್ಲಿ ಮೂರು ತಿಂಗಳ ಬಳಿಕ ಆ ಮಟ್ಟದಿಂದ ಕೆಳಗಿಳಿದವರು ನೂರಕ್ಕೆ 36, ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 26. ಹತ್ತು ಜನ ಕಡಿಮೆಯಾಯಿತೇ? ಆ ಹತ್ತು ಮನೆಗಳನ್ನು ಕೇಳಿ.

ಮತ್ತೆ ಕುಡಿದರೆ? ಕುಡಿಯಬಹುದು. ಬಹಳಷ್ಟು ಜನ ಒಮ್ಮೆಯಾದರೂ ಜಾರುತ್ತಾರೆ. ಅದು ಕಾಯಿಲೆ ಮರುಕಳಿಸಿದ್ದು, ಮೋಸವಲ್ಲ. ಆಣೆಗೂ ಚೀಟಿಗೂ ಇರುವ ವ್ಯತ್ಯಾಸ ಇಲ್ಲೇ. ಆಣೆ ಒಮ್ಮೆ ಮುರಿದರೆ ಮುಗಿಯಿತು, ಮುಖ ತೋರಿಸಲು ನಾಚಿಕೆ. ಚೀಟಿಗೆ ಅಂಥ ಬಿಗುಮಾನವಿಲ್ಲ, ಅದೇ ಪುಸ್ತಕದ ಮುಂದಿನ ಹಾಳೆಯಲ್ಲಿ ಹೊಸ ತಾರೀಖು ಬೀಳುತ್ತದೆ.

ಖಾಸಗಿ ಪುನರ್ವಸತಿ ಕೇಂದ್ರಗಳ ವಿಚಾರದಲ್ಲಿ ಮಾತ್ರ ಕಣ್ಣು ತೆರೆದಿಟ್ಟುಕೊಳ್ಳಿ. ಒಳ್ಳೆಯವಿವೆ. ರಾತ್ರೋರಾತ್ರಿ ವ್ಯಾನಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುವಂಥವೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದ ಉಂಟಾಗುವ ಮನೋಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರ ಪ್ರಕಾರ ಇಂಥ ಕೇಂದ್ರ ನೋಂದಣಿಯಾಗಿರಬೇಕು, ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ರೋಗಿಯ ಗುಟ್ಟು ಬಯಲಾಗುವಂತಿಲ್ಲ. ತಾನಾಗಿ ಒಪ್ಪದವನನ್ನು ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೋ ವೈದ್ಯರೋ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಹಣ ಕಟ್ಟುವ ಮುನ್ನ ನೋಂದಣಿ ಪತ್ರ ತೋರಿಸಿ ಎನ್ನಿ. ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರಿದ್ದಾರೆ, ಮನೆಯವರು ಯಾವಾಗ ನೋಡಬಹುದು ಎಂದು ಕೇಳಿ. ‘ಮೂರು ತಿಂಗಳು ಈ ಕಡೆ ತಲೆಹಾಕಬೇಡಿ’ ಅಂದರೆ, ಕರೆದುಕೊಂಡು ವಾಪಸ್ ಬನ್ನಿ. ಬಡತನ ರೇಖೆಯ ಕೆಳಗಿನವರಿಗೆ ಸರ್ಕಾರದ ವ್ಯವಸ್ಥೆಯಲ್ಲಿ ಉಚಿತ ಚಿಕಿತ್ಸೆ ಅದೇ ಕಾಯ್ದೆ ಕೊಟ್ಟ ಹಕ್ಕು, ಯಾರ ದಾನವೂ ಅಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡವರುಂಟು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಡ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಬಿಟ್ಟವನ ಜತೆ ಕೂರುವುದರಲ್ಲಿ ಬಿಡುವವನಿಗೆ ಸಿಗುವ ಧೈರ್ಯ ಮಾತ್ರೆಯಲ್ಲಿ ಇಲ್ಲ. ನನ್ನ ಕೋರಿಕೆ ಒಂದೇ: ದಿನವೂ ಕುಡಿಯುವವರು, ಹಿಂದೆ ಫಿಟ್ಸ್ ಬಂದವರು, ಕಾಮಾಲೆಯಾದವರು ಶಿಬಿರಕ್ಕೆ ಕೂರುವ ಮುನ್ನ, ಮಾಲೆ ಹಾಕುವ ಮುನ್ನವೂ, ವೈದ್ಯರನ್ನು ಕಾಣಲಿ.

ಹೆಂಡತಿಯರ ಬಗ್ಗೆ ಯಾರೂ ಕೇಳುವುದಿಲ್ಲ. ಅವರಿಗೂ ನಿದ್ದೆಯಿಲ್ಲ, ಮೈತುಂಬ ನೋವು. ಗಂಡ ಆಸ್ಪತ್ರೆಗೆ ಬರಲೊಪ್ಪದಿದ್ದರೂ ನೀವೊಬ್ಬರೇ ಹೋಗಿ ಸಲಹೆ ಪಡೆಯಬಹುದು. ಹೊಡೆತ ಬಿದ್ದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಬರೆದು ಸಹಿಸಬೇಕಿಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕುಡಿಯುವ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗೆ ಊರಿನ ನಾಲಿಗೆಯ ಭಯ ಗಂಡಸರಿಗಿಂತ ದೊಡ್ಡದು. ಅವರನ್ನು ಮರೆಯಲ್ಲಿ ಕೊಳೆಯಲು ಬಿಡಬೇಡಿ.

ಸರ್ಕಾರಕ್ಕೂ ಒಂದು ಮಾತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಜನ ರಟ್ಟಿನ ಪ್ಯಾಕೆಟ್ಟಿನ ಮದ್ಯಕ್ಕೆ ಹೊರಳಿದರು. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ನಿಷೇಧ ಬೇಕೇ ಬೇಡವೇ ಎಂಬ ವಾದ ನಡೆಯುತ್ತಿರಲಿ. ಆ ಹಣದ ಒಂದು ಚೂರಿನಲ್ಲಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಮಾತ್ರೆಗಳು ತಪ್ಪದೆ ಸಿಗುವಂತೆ, ಒಬ್ಬ ಆಪ್ತಸಮಾಲೋಚಕರು ದಿನವೂ ಕೂರುವಂತೆ ಮಾಡಲು ಯಾರ ಒಪ್ಪಿಗೆ ಬೇಕು?

ಓದುಗರೇ, ಇದನ್ನು ಓದುವಾಗ ನಿಮಗೆ ಯಾರದೋ ಮುಖ ನೆನಪಾಗಿರುತ್ತದೆ. ನಿಮ್ಮದೇ ಇರಬಹುದು. ಟೆಲಿಮನಸ್ ಸಹಾಯವಾಣಿ 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವುದು 14446. ಕುಡಿಯದೆ ಎಚ್ಚರವಿರುವ ಬೆಳಗಿನ ಹೊತ್ತು ನೋಡಿ, ಬೈಯದೆ, ‘ಬಾ, ನಾನೂ ಜತೆಗೆ ಬರ್ತೀನಿ’ ಎಂದು ಹೊರಡಿಸಿ. ಹೋಗುವಾಗ ಆಧಾರ್ ಕಾರ್ಡು, ಪಡಿತರ ಚೀಟಿ, ಹಳೆಯ ಔಷಧಿ ಚೀಟಿಗಳಿದ್ದರೆ ಅವನ್ನೂ ಚೀಲದಲ್ಲಿ ಹಾಕಿಕೊಳ್ಳಿ.