28,000 ಸ್ಟೆಪ್ಸ್ ಆಯ್ತು, ಸರಿ. ವಿಷಯ ಏನಂತ ಕೇಳಿದ್ರಾ?

(1/5)
ಮೊದಲೇ ಹೇಳ್ಬಿಡ್ತೀನಿ, ಇದು ಯಾವ ಪಾರ್ಟಿ ಪರವಾಗೂ ಬರೆದಿದ್ದಲ್ಲ. ಆಮೇಲೆ ಡಿಎಂಗೆ ಬಂದು "ನೀನು ಅವ್ರ ಕಡೆಯವ್ನಾ" ಅನ್ಬೇಡಿ.

ಆಗಸ್ಟ್ 10, ಶನಿವಾರ ಸಂಜೆಯಿಂದ ಫೀಡ್ ತೆಗೆದ್ರೆ ಬರೀ ಇದೇ. ಹೆಗಲ ಮೇಲೆ ಶಾಲು, ಪಕ್ಕದಲ್ಲಿ ಸ್ಟೆಪ್ ಆ್ಯಪ್‌ನ ಸ್ಕ್ರೀನ್‌ಶಾಟ್. ಒಬ್ಬನದು 28,000. ಇನ್ನೊಬ್ಬಳದು 31,000, ಮೇಲೆ "ಹೊಸ ರೆಕಾರ್ಡ್". ಹಿಂದಿನ ದಿನ ಕಾಂಗ್ರೆಸ್‌ನವರ ಜನಾಂದೋಲನ ಸಮಾವೇಶಕ್ಕೆ ಹೋದವರದು ಸ್ವಲ್ಪ ಕಮ್ಮಿ, ಯಾಕಂದ್ರೆ ಅಲ್ಲಿ ಕುರ್ಚಿ ಇತ್ತು. ಅದೇ ಮಹಾರಾಜ ಕಾಲೇಜು ಮೈದಾನ, ಒಂದೇ ದಿನದ ಅಂತರ. ನಮ್ಮ ಕ್ಲಾಸಿನ ಇಬ್ಬರು ಎರಡಕ್ಕೂ ಹೋಗಿ ಬಂದಿದ್ದಾರೆ, ಟೋಟಲ್ ಹಾಕಿ ಸ್ಟೋರಿಗೆ ಬಿಟ್ಟಿದ್ದಾರೆ!

ಇಷ್ಟು ಸ್ಟೋರಿಗಳಲ್ಲಿ ಒಂದರಲ್ಲಾದ್ರೂ ಅಲ್ಲಿ ಯಾರು ಏನು ಮಾತಾಡಿದ್ರು ಅಂತ ಒಂದು ಸಾಲು ಇತ್ತಾ? ನಾನಂತೂ ಹುಡುಕಿದೆ, ಇರ್ಲಿಲ್ಲ. ನನ್ನ ತಕರಾರು ಅಷ್ಟೇ. ಆದರೆ ಅದು ಸಣ್ಣ ತಕರಾರಲ್ಲ.

(2/5)
ಬಿಜೆಪಿ-ಜೆಡಿಎಸ್‌ನ "ಮೈಸೂರು ಚಲೋ" ಆಗಸ್ಟ್ 3ಕ್ಕೆ ಕೆಂಗೇರಿಯಿಂದ ಹೊರಟಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ದಾಟಿ ಎಂಟನೇ ದಿನಕ್ಕೆ ಮೈಸೂರು. ಯಾಕೆ ನಡೆದ್ರು? ಮುಡಾ. ಮುಡಾ ಅಂದ್ರೆ? ನಾನು ಮೂವರನ್ನ ಕೇಳಿದೆ. ಒಬ್ಬ "ಏನೋ ಸೈಟ್ ವಿಷಯ" ಅಂದ. ಇನ್ನೊಬ್ಬ ನಕ್ಕ. ಮೂರನೆಯವನು ತನ್ನ ಕಾಲಿನ ಬೊಬ್ಬೆ ತೋರಿಸಿದ.

ಕೆಸರೆಯ 3 ಎಕರೆ 16 ಗುಂಟೆ ಜಮೀನಿಗೆ ಬದಲಾಗಿ ಮುಖ್ಯಮಂತ್ರಿಗಳ ಪತ್ನಿಗೆ ವಿಜಯನಗರ ಬಡಾವಣೆಯಲ್ಲಿ 14 ನಿವೇಶನ ಕೊಟ್ಟಿದ್ದು ಸರಿಯಲ್ಲ ಅನ್ನೋದು ಆರೋಪ. ಕಾನೂನು ಪ್ರಕಾರವೇ ಕೊಟ್ಟಿದ್ದು, ಇದು ಸರ್ಕಾರ ಬೀಳಿಸೋ ಹುನ್ನಾರ ಅನ್ನೋದು ಆ ಕಡೆಯ ಉತ್ತರ. ಯಾರು ಸರಿ ಅಂತ ತನಿಖೆ ಹೇಳಲಿ. ಆದ್ರೆ ಜಮೀನು ಕಳ್ಕೊಂಡವನಿಗೆ ಸೈಟ್ ಕೊಡೋ ಆ 50:50 ಲೆಕ್ಕ ಇದೆಯಲ್ಲ, ಅದು ನಮ್ಮನೆಗೂ ನಾಳೆ ಬರಬಹುದಾದ ಲೆಕ್ಕ. ನಮ್ಮ ಅಪ್ಪಂದಿರ ಹತ್ರ ಇರೋದು ಗುಂಟೆಗಳೇ ತಾನೆ? ಎಂಟು ಗಂಟೆ ಬಿಸಿಲಲ್ಲಿ ನಡೆದವನು ಎಂಟು ನಿಮಿಷ ಇದನ್ನ ಓದಕ್ಕೆ ಆಗ್ಲಿಲ್ಲ ಅಂದ್ರೆ ಹೇಗೆ ಕಣ್ರೋ.

ಪಾರ್ಟಿಗಳಿಗೆ ಇದು ಬಹಳ ಅನುಕೂಲ. ಅವರಿಗೆ ಬೇಕಿರೋದು ತಲೆ ಲೆಕ್ಕ. ನೀವು ಕಾಲಿನ ಲೆಕ್ಕದಲ್ಲಿ ಮುಳುಗಿದ್ರೆ ಬಾಯಿಂದ ಪ್ರಶ್ನೆ ಬರಲ್ಲ. ಇದ್ರಲ್ಲಿ ಎಲ್ಲರೂ ಒಂದೇ. 2022ರಲ್ಲಿ ಭಾರತ್ ಜೋಡೋ ಬಳ್ಳಾರಿಗೆ ಬಂದಾಗ ದೊಡ್ಡ ಸುದ್ದಿ ಆಗಿದ್ದು 1,000 ಕಿಲೋಮೀಟರ್ ಮುಗೀತು ಅನ್ನೋದು. ಮಾತು ಏನಾಡಿದ್ರು, ನೆನಪಿದೆಯಾ ಯಾರಿಗಾದ್ರೂ?

(3/5)
ಈಗ ನಿಮ್ಮ ಆ್ಯಪ್ ವಿಷಯಕ್ಕೆ ಬರ್ತೀನಿ. ದಿನಕ್ಕೆ 10,000 ಅನ್ನೋ ನಂಬರ್ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ, 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಗಿಸೋ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ತಂತು. ಹೆಸರು "ಮಾನ್‌ಪೊ-ಕೇ", ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್. ಅಂಗಡಿ ಹೆಸರು ಆರೋಗ್ಯದ ನಿಯಮ ಆಗೋಯ್ತು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು ಅಮೆರಿಕದ 16,741 ವಯಸ್ಸಾದ ಹೆಂಗಸರ ಹೆಜ್ಜೆ ಲೆಕ್ಕ ಹಾಕಿ ನೋಡಿದ್ರು. ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ 2,700 ನಡೆದವರಿಗಿಂತ ಕಮ್ಮಿ ಇತ್ತು, 7,500ರ ಹತ್ರ ಆ ಲಾಭ ಅಲ್ಲಿಗೇ ನಿಂತಿತ್ತು. ಅದು ಅಜ್ಜಿಯರ ಲೆಕ್ಕ, ನಿಮ್ಮದಲ್ಲ, ಆದ್ರೂ ಗೊತ್ತಿರ್ಲಿ. ಮಾರಾಟಕ್ಕೆ ಹುಟ್ಟಿದ ನಂಬರ್ ಹಿಡ್ಕೊಂಡು ರಾಜಕೀಯಕ್ಕೂ ಮಾರ್ಕ್ಸ್ ಹಾಕ್ತಿದ್ದೀರಿ.

(4/5)
ಹಾಗಂತ ಪಾದಯಾತ್ರೆನೇ ವೇಸ್ಟ್ ಅಂತ ನಾನು ಹೇಳ್ತಿಲ್ಲ. 2010ರಲ್ಲಿ ಸಿದ್ದರಾಮಯ್ಯನವರು ಬೆಂಗಳೂರಿಂದ ಬಳ್ಳಾರಿಗೆ ನಡೆದಾಗ ಅಕ್ರಮ ಗಣಿಗಾರಿಕೆ ಅನ್ನೋ ಪದ ಹಳ್ಳಿ ಹೋಟೆಲ್‌ಗಳಿಗೂ ಬಂತು ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳ್ತಾರೆ. ಮುಂದಿನ ವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ರು. ನಡಿಗೆಯಿಂದಲೇ ಆಯ್ತು ಅಂತಲ್ಲ. ಆದ್ರೆ ಯಾಕೆ ನಡೀತಿದ್ದಾರೆ ಅನ್ನೋದು ಜನಕ್ಕೆ ಗೊತ್ತಿತ್ತು. ಇವತ್ತು ಅವರ ವಿರುದ್ಧವೇ ಇನ್ನೊಬ್ಬರು ನಡೀತಿದ್ದಾರೆ, ಅದೂ ಪ್ರಜಾಪ್ರಭುತ್ವನೇ.

ಇನ್ನೂ ಹಿಂದಕ್ಕೆ ಹೋಗಿ, ದಂಡಿಗೆ. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟ್ರು. 24 ದಿನ, ಸುಮಾರು 385 ಕಿಲೋಮೀಟರ್. ಸರಾಸರಿ ದಿನಕ್ಕೆ 16, ನಿಮ್ಮ ಆ್ಯಪ್ ಭಾಷೇಲಿ 20,000 ಸ್ಟೆಪ್ಸ್. ನಿಮ್ಮಷ್ಟಿಲ್ಲ ಬಿಡಿ! ಗಾಂಧಿ ಜೊತೆಗೆ ಆಯ್ದ 78 ಜನ, ಅವರ ಪಟ್ಟಿ "ಯಂಗ್ ಇಂಡಿಯಾ" ಪತ್ರಿಕೇಲಿ ಹೆಸರು ಸಮೇತ ಅಚ್ಚಾಗಿತ್ತು. "ಸಾವಿರಾರು ಕಾರ್ಯಕರ್ತರು" ಅಂತ ಅಲ್ಲ, ಒಬ್ಬೊಬ್ಬರ ಹೆಸರು. ಅದರಲ್ಲಿ ನಮ್ಮ ಕರ್ನಾಟಕದವರು ಒಬ್ಬರು: ಹಾವೇರಿ ಕಡೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ 18 ವರ್ಷ. ಅಂದ್ರೆ ನಮ್ಮ ಫಸ್ಟ್ ಇಯರ್ ವಯಸ್ಸು. ದಿನಾ ನಡೆದು ಸುಸ್ತಾದ ಮೇಲೂ ಪ್ರತಿಯೊಬ್ಬರೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ಡೈರಿ ಬರೀಬೇಕು ಅನ್ನೋ ನಿಯಮ. ಡೈರಿ! ಎಷ್ಟು ಹೆಜ್ಜೆ ಅಂತ ಅಲ್ಲ, ಇವತ್ತು ಏನಾಯ್ತು ಅಂತ. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಸತ್ತಾಗ ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ಇನ್ನೊಂದು ಮಾತು. ನೀವು ನಡೆದ ಮದ್ದೂರಿನ ಹತ್ರಾನೇ ಶಿವಪುರ. 1938ರ ಏಪ್ರಿಲ್‌ನಲ್ಲಿ, ಬಾವುಟ ಹಾರಿಸಬಾರದು ಅಂತ ಮೈಸೂರು ಸಂಸ್ಥಾನದವರು ಹೇಳಿದ್ರೂ ಜನ ಹಾರಿಸಿದ ಜಾಗ. ಅಲ್ಲಿ ಸೌಧ ಇದೆ. ಅದರ ಫೋಟೋ ಒಬ್ಬರ ಸ್ಟೋರೀಲೂ ಕಾಣ್ಲಿಲ್ಲ.

(5/5)
ಈಗ ನಮ್ಮೂರ ಕಡೆ ಬನ್ನಿ.

ಆಗಸ್ಟ್ ಅಂದ್ರೆ ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಮುರಿಯೋ ಕಾಲ. ಬೆಳಗ್ಗೆ ಆರಕ್ಕೆ ಹೊಲ, ಸೊಪ್ಪು ಹೊತ್ತು ಬ್ಯಾರನ್ ಹತ್ರ ತರೋದು, ಕಡ್ಡಿಗೆ ಕಟ್ಟೋದು, ರಾತ್ರಿ ಬೆಂಕಿ ನೋಡ್ಕೊಳ್ಳೋದು. ನಮ್ಮ ಅಮ್ಮಂದಿರು ಒಂದು ದಿನಕ್ಕೆ ಎಷ್ಟು ನಡೀತಾರೆ, ಯಾವ ಆ್ಯಪಲ್ಲಿದೆ? ಅವರ ಫೋನು ಚಾರ್ಜಿಗೆ ಹಾಕಿ ಮನೇಲಿರುತ್ತೆ. ಇನ್ನು ಸ್ವಲ್ಪ ದಿನಕ್ಕೆ ಕಟ್ಟೆಮಳಲವಾಡಿ, ಚಿಲ್ಕುಂದದಲ್ಲಿ ಹರಾಜು ಶುರುವಾಗುತ್ತೆ. ಕೆಜಿಗೆ ಏನು ರೇಟು ಸಿಗುತ್ತೆ ಅಂತ ಆ ಎರಡು ದಿನದಲ್ಲಿ, ಆ ಎರಡು ವೇದಿಕೆಯಲ್ಲಿ, ಯಾರಾದ್ರೂ ಬಾಯಿ ಬಿಟ್ರಾ? ಹೋಗಿದ್ದವರು ನೀವು, ನೀವೇ ಹೇಳಿ.

ಏಪ್ರಿಲ್ 26ಕ್ಕೆ ಮೊದಲ ಸಲ ವೋಟ್ ಹಾಕಿ ಬೆರಳಿನ ಫೋಟೋ ಹಾಕಿದ್ರಿ, ನಾನೂ ಲೈಕ್ ಕೊಟ್ಟೆ. ಆದ್ರೆ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ನಮ್ಮಲ್ಲಿ ಯಾರೂ ಇದುವರೆಗೆ ವೋಟ್ ಹಾಕಿಲ್ಲ. 2016ರಲ್ಲಿ ಚುನಾವಣೆ ಆಯ್ತು, ಆಗ ನಾವು ಪ್ರೈಮರಿ ಸ್ಕೂಲು. 2021ಕ್ಕೆ ಅವಧಿ ಮುಗೀತು. ಬಿಜೆಪಿ ಸರ್ಕಾರ ಇದ್ದಾಗಲೂ ನಡೆಸ್ಲಿಲ್ಲ, ಕಾಂಗ್ರೆಸ್ ಬಂದು ವರ್ಷ ದಾಟಿದ್ರೂ ನಡೆಸಿಲ್ಲ. ಗಾವಡಗೆರೆಯ ರಸ್ತೆ, ಸ್ಕೂಲ್ ಬಿಲ್ಡಿಂಗ್ ಬಗ್ಗೆ ಕೇಳೋಕೆ ನಮ್ಮ ಹೋಬಳಿಯ ಸದಸ್ಯರು ಯಾರು ಅಂದ್ರೆ, ಯಾರೂ ಇಲ್ಲ. ಇದಕ್ಕೋಸ್ಕರ ಮೂರು ಪಾರ್ಟಿಯವರಲ್ಲಿ ಯಾರು ಒಂದು ಕಿಲೋಮೀಟರ್ ನಡೆದಿದ್ದಾರೆ ತೋರಿಸಿ, ಅವರ ಹಿಂದೆ ನಾನೂ ಬರ್ತೀನಿ.

ಇನ್ನು ಬಸ್ಸು. ದೊಡ್ಡ ಸಮಾವೇಶ ಇದ್ದ ದಿನ ಬೆಳಗಿನ ಬಸ್ ಬರಲ್ಲ, ಜನ ತುಂಬೋಕೆ ಹೋಗಿರುತ್ತೆ. ಆವತ್ತು ಕಾಲೇಜಿಗೆ, ಹೈಸ್ಕೂಲಿಗೆ ಹೋಗೋ ಹುಡುಗೀರು ಮೇನ್ ರೋಡ್‌ವರೆಗೆ ನಡೀತಾರೆ, ಅಲ್ಲಿಂದ ಸಿಕ್ಕಿದ ಆಟೋ. ಟಿಕೆಟ್ ಫ್ರೀ ಅಂತಾರೆ, ಬಸ್ಸೇ ಇಲ್ದಿದ್ರೆ ಫ್ರೀ ತಗೊಂಡು ಏನ್ಮಾಡೋದು? ನೀವು ಪಾದಯಾತ್ರೆಗೆ ಆರಾಮಾಗಿ ಬಸ್ಸಲ್ಲಿ ಹೋದ್ರಿ, ಅವರು ಕ್ಲಾಸಿಗೆ ನಡ್ಕೊಂಡು ಹೋದ್ರು. ಯಾರ ಸ್ಟೆಪ್ಸ್ ರಾಜಕೀಯ ಅಂತ ನೀವೇ ಯೋಚ್ನೆ ಮಾಡಿ.

ಹೋಗ್ಬೇಡಿ ಅನ್ನಲ್ಲ. ಹೋಗಿ, ಎರಡೂ ಕಡೆಗೆ ಹೋಗಿ, ನಡೀರಿ, ಬೇಕಾದ್ರೆ ಸ್ಕ್ರೀನ್‌ಶಾಟೂ ಹಾಕಿ. ಅದರ ಕೆಳಗೆ ಮೂರು ಸಾಲು ಬರೀರಿ: ಯಾರು ಮಾತಾಡಿದ್ರು, ಏನು ಕೇಳಿದ್ರು, ನಿಮ್ಮೂರಿನ ಯಾವ ವಿಷಯ ಬರ್ಲಿಲ್ಲ.

ಸಮಾವೇಶದ ದಿನ ಬೆಳಗಿನ ಬಸ್ ತೆಗೀಬೇಡಿ ಅಂತ ಒಂದು ಅರ್ಜಿ ರೆಡಿ ಮಾಡಿದ್ದೀವಿ. ಸೋಮವಾರ ಮೊದಲನೇ ಪೀರಿಯಡ್‌ಗೆ ಮುಂಚೆ ಕಾಲೇಜ್ ಗೇಟ್ ಹತ್ರ ಇರ್ತೀನಿ. ಹೆಸರು, ಊರು, ಸಹಿ ಮೂರೂ ಬೇಕು. ಪೆನ್ ನೀವೇ ತನ್ನಿ.

#ಗಾವಡಗೆರೆ #ಹುಣಸೂರು #ಬಸ್_ಎಲ್ಲಿ #ಸ್ಟೆಪ್ಸ್