ಒಂದೇ ಸರ್ವರಿನಲ್ಲಿ ಹಲವರ ಲೆಕ್ಕ: ವರ್ತಕರು ಕೇಳಲೇಬೇಕಾದ ಪ್ರಶ್ನೆ

ನಮ್ಮ ಭಾಗದ ಬೇಳೆ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ ಹಾಗೂ ಅಡತಿ ಅಂಗಡಿಗಳ ವ್ಯವಹಾರವು ಇಂದು ಗಣಕಯಂತ್ರವನ್ನು ಬಿಟ್ಟು ನಡೆಯದು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಬಿಲ್ಲು, ದಾಸ್ತಾನು, ಜಾಲತಾಣ ಇವುಗಳ ತಂತ್ರಾಂಶವನ್ನು ನಾವು ಸಾಮಾನ್ಯವಾಗಿ ಚಿಕ್ಕ ಸಂಸ್ಥೆಗಳಿಂದ ಮಾಡಿಸಿಕೊಳ್ಳುತ್ತೇವೆ. ಅಂತಹ ಸಂಸ್ಥೆಯೊಂದು ಹತ್ತಾರು ಗಿರಾಕಿಗಳ ಕೆಲಸವನ್ನು ಒಂದೇ ಸರ್ವರಿನಲ್ಲಿ ಇಟ್ಟಿರುವುದುಂಟು. ದರ ಕೇಳುವ ನಾವು, ನಮ್ಮ ಲೆಕ್ಕವನ್ನು ಇತರರ ಲೆಕ್ಕದಿಂದ ಬೇರ್ಪಡಿಸಿ ಇಟ್ಟಿದ್ದೀರಾ ಎಂದು ಕೇಳುವುದಿಲ್ಲ. ಇದನ್ನು ಕೇಳುವುದು ಅಗತ್ಯವೆಂಬುದೇ ಈ ಲೇಖನದ ಆಶಯ.

ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ವರ್ತಕರ ಹಳೆಯ ಬಿಲ್ಲಿಂಗ್ ತಂತ್ರಾಂಶವು ಪಿಎಚ್‌ಪಿ 5.6 ಆವೃತ್ತಿಯಲ್ಲಿದೆ, ಆ ಆವೃತ್ತಿಗೆ ಸುರಕ್ಷತಾ ಬೆಂಬಲ 2018ರ ಕೊನೆಗೇ ನಿಂತುಹೋಯಿತು. ಇನ್ನೊಬ್ಬರ ಹೊಸ ಜಾಲತಾಣಕ್ಕೆ ಪಿಎಚ್‌ಪಿ 8 ಬೇಕು. ಎರಡೂ ಒಂದೇ ವ್ಯವಸ್ಥೆಯಲ್ಲಿ ಬೆರೆತಿದ್ದರೆ, ಹೊಸಬರಿಗಾಗಿ ಆವೃತ್ತಿ ಬದಲಿಸಿದ ದಿನವೇ ಹಳಬರ ಬಿಲ್ಲು ನಿಲ್ಲಬಹುದು. ಸುಗ್ಗಿಯ ಕಾಲದಲ್ಲಿ ಲಾರಿ ತುಂಬಿ ನಿಂತಿರುವಾಗ ಬಿಲ್ಲು ಹೊರಡದಿದ್ದರೆ ಆಗುವ ನಷ್ಟ ಎಲ್ಲರಿಗೂ ತಿಳಿದದ್ದೇ.

ಇದಕ್ಕೆ ಪರಿಹಾರ ಕಂಟೇನರ್ ಪದ್ಧತಿ. 1956ರಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಾಗಿಸಿ ಸರಕು ಸಾಗಣೆಯ ರೀತಿಯನ್ನೇ ಬದಲಿಸಿದರು. ಅದೇ ಹೆಸರಿನ ವಿಧಾನವನ್ನು ತಂತ್ರಾಂಶ ಕ್ಷೇತ್ರದಲ್ಲಿ 2013ರಲ್ಲಿ ಬಂದ ಡಾಕರ್ ಜನಪ್ರಿಯಗೊಳಿಸಿತು. ಪ್ರತಿ ಕೆಲಸಕ್ಕೆ ಬೇಕಾದ ಆವೃತ್ತಿ ಹಾಗೂ ಪೂರಕ ತಂತ್ರಾಂಶಗಳನ್ನು ಡಾಕರ್‌ಫೈಲ್ ಎಂಬ ಕಡತದಲ್ಲಿ ಬರೆದಿಡುತ್ತಾರೆ. ಡಾಕರ್ ಕಂಪೋಸ್ ಎಂಬ ಸಾಧನವು ಒಂದು ಗಿರಾಕಿಯ ಜಾಲತಾಣ, ದತ್ತಸಂಚಯ ಹಾಗೂ ಆಂತರಿಕ ಸಂಪರ್ಕಜಾಲವನ್ನು ಒಂದು ಗುಂಪಾಗಿ ನಡೆಸುತ್ತದೆ. ಹೀಗೆ ಗಿರಾಕಿಗೊಂದು ಗುಂಪಿದ್ದರೆ, ಒಬ್ಬರ ಆವೃತ್ತಿ ಬದಲಾದುದರಿಂದ ಮತ್ತೊಬ್ಬರ ಕೆಲಸ ಕೆಡದು.

ಆದರೆ ಬೇರ್ಪಡಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯದು. ಸುರಪುರ ತಾಲ್ಲೂಕಿನ ಬೋನಾಳದ ಕೆರೆಯನ್ನು ನಾವೆಲ್ಲ ಬಲ್ಲೆವು. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿ ಅದನ್ನು ಅಭಿವೃದ್ಧಿಪಡಿಸಿದರು. ಯಾವ ಕೆರೆಯೇ ಆಗಲಿ, ಗದ್ದೆಗೊಂದು ಕಾಲುವೆ ಇದ್ದರೂ ನೀರು ಒಂದೇ, ಏರಿಯೂ ಒಂದೇ. ಮೇಲಿನವರು ಅಳತೆ ಮೀರಿ ಹರಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಅಳಲು ಇದೇ. ಕಂಟೇನರುಗಳೂ ಒಂದೇ ಯಂತ್ರದ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಮಿತಿ ಗೊತ್ತುಪಡಿಸದಿದ್ದರೆ ಒಂದು ಜಾಲತಾಣ ಉಳಿದೆಲ್ಲವನ್ನೂ ನಿಲ್ಲಿಸಬಲ್ಲದು. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಕೂಡ ಎಲ್ಲಕ್ಕೂ ಒಂದೇ ಆದ್ದರಿಂದ, ಅದರಲ್ಲಿ ಬಿರುಕು ಬಿದ್ದರೆ ಏರಿ ಒಡೆದಂತೆಯೇ. ಹೀಗಾಗಿ ಕರ್ನೆಲ್ ಅನ್ನು ಕಾಲಕಾಲಕ್ಕೆ ನವೀಕರಿಸಬೇಕು. ಬೆಂಬಲ ನಿಂತ ಹಳೆಯ ತಂತ್ರಾಂಶಕ್ಕೂ ಕಂಟೇನರ್ ತಾತ್ಕಾಲಿಕ ಆಸರೆಯೇ ಹೊರತು ಶಾಶ್ವತ ರಕ್ಷಣೆಯಲ್ಲ.

ಇನ್ನೂ ಒಂದು ಎಚ್ಚರಿಕೆ ಅಗತ್ಯ. ಕಂಟೇನರನ್ನು ಅಳಿಸಿದರೆ ಅದರೊಳಗೇ ಬರೆದಿಟ್ಟ ಮಾಹಿತಿಯೂ ಅಳಿಯುತ್ತದೆ. ಲೆಕ್ಕದ ದತ್ತಾಂಶವನ್ನು ವಾಲ್ಯೂಮ್ ಎಂಬ ಹೊರಗಿನ ಸ್ಥಳದಲ್ಲಿಟ್ಟು, ಅದರ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಕಾಯ್ದಿರಿಸಬೇಕು. ಗುಪ್ತಪದವು ಗಿರಾಕಿಗೊಂದು ಇರಬೇಕು.

ಇದು ತಂತ್ರಜ್ಞರ ಕೆಲಸ, ನಮಗೇಕೆ ಎನ್ನುವವರಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಮಾಹಿತಿಯ ನಿರ್ವಹಣೆಯನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಸಂಗ್ರಹಿಸಿದ ಸಂಸ್ಥೆಯದೇ. ಸೂಕ್ತ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಜಾರಿಗೆ ಹಂತಗಳನ್ನು ನಿಗದಿಪಡಿಸಲಾಗಿದೆ.

ವೆಚ್ಚದ ನೆಪವನ್ನು ಒಪ್ಪಲಾಗದು. ಲಿನಕ್ಸ್ ಸರ್ವರಿನಲ್ಲಿ ನಡೆಯುವ ಡಾಕರ್ ಎಂಜಿನ್, ಅದಕ್ಕೆ ಪರ್ಯಾಯವಾದ ಪಾಡ್‌ಮ್ಯಾನ್ ಎರಡೂ ಮುಕ್ತ ತಂತ್ರಾಂಶಗಳು. ವಿಳಾಸ, ದೂರವಾಣಿ ಮಾತ್ರ ತೋರಿಸುವ ಒಂದು ಪುಟದ ಜಾಲತಾಣಕ್ಕೆ ಇಷ್ಟೆಲ್ಲ ಬೇಡ. ಬಿಲ್ಲು, ದಾಸ್ತಾನು, ಗಿರಾಕಿಗಳ ವಿವರ ಇರುವಲ್ಲಿ ಬೇಕೇ ಬೇಕು.

ಆದುದರಿಂದ ವರ್ತಕ ಬಾಂಧವರು ಮುಂದಿನ ಕರಾರಿನಲ್ಲಿ ನಾಲ್ಕು ಅಂಶಗಳನ್ನು ಬರೆಯಿಸಿಕೊಳ್ಳಲಿ: ನಮ್ಮ ಕೆಲಸಕ್ಕೆ ಪ್ರತ್ಯೇಕ ಕಂಟೇನರ್ ಗುಂಪು, ಮೆಮೊರಿಯ ಮಿತಿ, ದತ್ತಾಂಶದ ನಿತ್ಯದ ಪ್ರತಿ, ಡಾಕರ್‌ಫೈಲ್ ಹಾಗೂ ಕಂಪೋಸ್ ಕಡತಗಳ ಒಂದು ಪ್ರತಿ ನಮ್ಮ ಕೈಗೆ. ಕೊನೆಯದು ಬಹುಮುಖ್ಯ. ತಂತ್ರಾಂಶದ ಮೂಲ ಹಾಗೂ ದತ್ತಾಂಶದೊಡನೆ ಆ ಕಡತಗಳೂ ನಮ್ಮಲ್ಲಿದ್ದರೆ, ಮಾಡಿಕೊಟ್ಟವರು ಊರು ಬಿಟ್ಟರೂ ಬೇರೊಬ್ಬರು ಅದೇ ವ್ಯವಸ್ಥೆಯನ್ನು ಮತ್ತೆ ನಿಲ್ಲಿಸಬಹುದು. ಗೋದಾಮಿನಲ್ಲಿ ಒಬ್ಬರ ತೊಗರಿಯ ಲಾಟು ಇನ್ನೊಬ್ಬರದರೊಡನೆ ಬೆರೆಯಲು ಬಿಡದ ನಾವು, ಲೆಕ್ಕದ ವಿಷಯದಲ್ಲಿ ಉದಾಸೀನರಾಗುವುದು ಸಲ್ಲದು.