ಹಿತ್ತಿಲಿನ ಹಗ್ಗಕ್ಕೆ ನಾಚಿಕೆ ಏಕೆ?

ಸರಟೋಗಾದ ನಮ್ಮವರ ಮನೆಗಳಲ್ಲಿ ಈಚೆಗೆ ಪರಿಸರದ ಮಾತು ಹೆಚ್ಚಾಗಿದೆ. ಸೂರಿನ ಮೇಲೆ ಸೌರಫಲಕ, ಗರಾಜಿನಲ್ಲಿ ಬ್ಯಾಟರಿ ಕಾರು, ಬಟ್ಟೆ ಒಗೆಯಲು ಎಲೆಯ ಚಿತ್ರವಿರುವ ಹಸಿರು ಬಾಟಲಿಯ ಸೋಪು. ಇವೆಲ್ಲ ಸಂತೋಷದ ವಿಷಯವೇ. ಆದರೆ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಮಾತ್ರ ಕಾಣುವುದಿಲ್ಲ. ಮೇ ತಿಂಗಳು ಬಂದರೆ ಅಕ್ಟೋಬರ್‌ವರೆಗೆ ಮಳೆಯೇ ಅಪರೂಪವಾದ ಈ ಊರಿನಲ್ಲಿ, ಹೊರಗೆ ಬಿಸಿಲು ಸುರಿಯುತ್ತಿರುವಾಗ, ಒಳಗೆ ಡ್ರೈಯರ್ ಗರಗರ ತಿರುಗುತ್ತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಬಟ್ಟೆ ಹರವಿ, ಆರಲೆಂದು ದಿನಗಟ್ಟಲೆ ಕಾಯುತ್ತಿದ್ದ ಹಿರಿಯರು ಇದನ್ನು ಕಂಡರೆ ಏನೆಂದಾರು?

ರಸಾಯನಶಾಸ್ತ್ರ ನಮ್ಮ ಕಸುಬಾದ್ದರಿಂದ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಗೆಯುವ ಯಂತ್ರದಿಂದ ತೆಗೆದ ಒಂದು ಲೋಡು ಬಟ್ಟೆಯಲ್ಲಿ ಮೂರು ಲೀಟರ್ ನೀರು ಉಳಿದಿದೆ ಎನ್ನಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಬೇಕು. ಮೂರು ಲೀಟರಿಗೆ ಎರಡು ಯೂನಿಟ್ ಆಯಿತು. ಗಾಳಿಯನ್ನೂ ಬಟ್ಟೆಯನ್ನೂ ಕಾಯಿಸುವ ಖರ್ಚು ಸೇರಿದರೆ ಸಾಮಾನ್ಯ ಡ್ರೈಯರಿಗೆ ಸುಮಾರು ಮೂರು ಯೂನಿಟ್. ಗ್ಯಾಸಿನ ಡ್ರೈಯರಾದರೂ ಶಾಖದ ಲೆಕ್ಕ ಇದೇ. ಹೀಟ್ ಪಂಪ್ ಡ್ರೈಯರ್ ಶಾಖವನ್ನು ಮರಳಿ ಬಳಸಿಕೊಂಡು ಒಳ್ಳೆಯ ಉಳಿತಾಯ ಮಾಡುತ್ತದೆ. ಆದರೂ ಬಿಸಿಲಿನಷ್ಟು ಅಗ್ಗವಲ್ಲ.

ಇನ್ನು ಒಗೆಯುವ ಖರ್ಚು. ೨೦ ಲೀಟರ್ ನೀರನ್ನು ೧೫ ಡಿಗ್ರಿಯಿಂದ ೫೦ ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ೦.೮ ಯೂನಿಟ್ ಬೇಕು. ಯಂತ್ರವನ್ನು ತಿರುಗಿಸುವ ಮೋಟಾರಿಗೆ ಬೇಕಾದುದು ಅದರ ಒಂದು ಅಲ್ಪ ಭಾಗ. ಅಂದರೆ ಖರ್ಚಿನಲ್ಲಿ ಒಣಗಿಸುವುದು ಮೊದಲು, ಬಿಸಿನೀರು ಎರಡನೆಯದು. ವಾರಕ್ಕೆ ನಾಲ್ಕು ಲೋಡು ಬಟ್ಟೆಯನ್ನು ಬೇಸಿಗೆಯ ಆರು ತಿಂಗಳು ಹಗ್ಗದ ಮೇಲೆ ಹಾಕಿದರೆ ಉಳಿಯುವುದು ಮುನ್ನೂರು ಯೂನಿಟ್ಟಿಗೂ ಹೆಚ್ಚು.

ಬಿಸಿನೀರಿಲ್ಲದೆ ಕೊಳೆ ಹೋದೀತೇ ಎಂದು ಕೇಳಬಹುದು. ಇಂದಿನ ಸೋಪುಗಳಲ್ಲಿ ಕಿಣ್ವಗಳಿವೆ. ಬೇಳೆ, ಹಾಲಿನ ಪ್ರೋಟೀನನ್ನು ಒಂದು ಒಡೆದರೆ, ಅನ್ನದ ಗಂಜಿಯನ್ನು ಇನ್ನೊಂದು, ಒಗ್ಗರಣೆಯ ಎಣ್ಣೆಯನ್ನು ಮತ್ತೊಂದು ಒಡೆಯುತ್ತದೆ. ತಣ್ಣೀರಿನಲ್ಲೂ ಕೆಲಸ ಮಾಡುವ ಕಿಣ್ವಗಳನ್ನು ಆರಿಸಿಯೇ ಈಗ ಸೇರಿಸುತ್ತಾರೆ. ಕಾಯಿಲೆಯವರ ಹಾಸಿಗೆ ಬಟ್ಟೆ, ಕೂಸಿನ ಬಟ್ಟೆಗಳಿಗೆ ಬಿಸಿನೀರಿರಲಿ. ನಿತ್ಯದ ಅಂಗಿ, ಲಂಗಗಳಿಗೆ ತಣ್ಣೀರು ಸಾಕು. ನಮ್ಮ ಅಡಿಗೆಮನೆಯ ಅರಿಸಿನದ ಕಲೆಗಂತೂ ಬಿಸಿಲೇ ಮದ್ದು. ಸೋಪು ತಾಗಿದೊಡನೆ ಕೆಂಪಾಗಿ ಗಾಬರಿ ಹುಟ್ಟಿಸುವ ಆ ಬಣ್ಣ, ಕರ್ಕ್ಯುಮಿನ್, ಬಿಸಿಲಿನ ಬೆಳಕಿಗೆ ಒಡೆದು ಮಾಸುತ್ತದೆ. ಡ್ರೈಯರಿನಲ್ಲಿ ಆ ಬೆಳಕೆಲ್ಲಿದೆ?

ಹಾಗಾದರೆ ಸೋಪಿನ ಆಯ್ಕೆ ಮುಖ್ಯವಲ್ಲವೇ? ಬೆಂಗಳೂರಿನ ಬೆಳ್ಳಂದೂರು ಕೆರೆಯ ಮಟ್ಟಿಗೆ ಬಹಳ ಮುಖ್ಯ. ಶುದ್ಧೀಕರಿಸದ ಚರಂಡಿ ನೀರು ಸೇರಿ ಆ ಕೆರೆ ನೊರೆಯಿಂದ ತುಂಬಿತು. ೨೦೧೫ರಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. ಅಮೆರಿಕದಲ್ಲಿಯಾದರೋ ಮನೆಯ ಬಟ್ಟೆ ಸೋಪಿನಿಂದ ಫಾಸ್ಫೇಟು ೧೯೯೦ರ ದಶಕದ ಮಧ್ಯದ ಹೊತ್ತಿಗೇ ಹೊರಟುಹೋಯಿತು. ಇಲ್ಲಿಯ ಚರಂಡಿ ನೀರು ಸಾನ್ ಹೋಸೆಯ ಶುದ್ಧೀಕರಣ ಘಟಕವನ್ನು ದಾಟಿಯೇ ಕೊಲ್ಲಿಗೆ ಸೇರುತ್ತದೆ. ಅಳತೆ ಮೀರದೆ ಸೋಪು ಹಾಕಿದರೆ ಸಾಕು. ಹಸಿರು ಬಾಟಲಿ ಕೊಂಡು ಬಟ್ಟೆಯನ್ನು ಡ್ರೈಯರಿಗೇ ತುಂಬಿದರೆ ವಿದ್ಯುತ್ತಿನ ಲೆಕ್ಕ ಕದಲುವುದಿಲ್ಲ.

ಹಗ್ಗ ಕಟ್ಟದಿರುವುದಕ್ಕೆ ಲೆಕ್ಕ ಕಾರಣವಲ್ಲ, ನಾಚಿಕೆ ಕಾರಣ ಎಂದು ನಮ್ಮ ಅಭಿಪ್ರಾಯ. ಊರಿನಿಂದ ಬಂದ ತಾಯಿ ಸೀರೆಯನ್ನು ಹಿಂಡಿ ಹೊರಗೆ ಹೊರಟರೆ, "ಅಮ್ಮಾ, ಇಲ್ಲಿ ಹಾಗೆಲ್ಲ ಹೊರಗೆ ಹಾಕೋ ಹಾಗಿಲ್ಲ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಹಾಕುವ ಹಾಗಿದೆ. ಕ್ಯಾಲಿಫೋರ್ನಿಯದ ಶಾಸನಸಭೆ ೨೦೧೫ರಲ್ಲಿ ಎಬಿ ೧೪೪೮ ಎಂಬ ಕಾಯಿದೆ ಮಾಡಿತು. ಅದು ೨೦೧೬ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಸ್ವಂತ ಬಳಕೆಯ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವುದನ್ನು ಮನೆಮಾಲೀಕರ ಸಂಘ ನಿಷೇಧಿಸುವಂತಿಲ್ಲ. ಮಿತವಾದ ನಿಯಮಗಳನ್ನು ಮಾಡಬಹುದು, ಅಷ್ಟೆ. ಬಾಲ್ಕನಿಯ ಕಂಬಿಗೆ ಮಾತ್ರ ಈ ರಕ್ಷಣೆಯಿಲ್ಲ. ಬಾಡಿಗೆಯವರಿಗೂ ಕೆಲವು ಷರತ್ತುಗಳೊಡನೆ ಈ ಹಕ್ಕು ಉಂಟು. ಗೋಡೆಗೆ ಮೊಳೆ ಹೊಡೆಯುವುದಾದರೆ ಮಾಲೀಕರನ್ನು ಕೇಳಬೇಕು.

ಹೊರಗೆ ಬಟ್ಟೆ ಹರವುವುದು ಬಡವರ ಗುರುತು ಎಂಬ ಭಾವನೆಯನ್ನು ನಾವು ಎಲ್ಲಿಂದಲೋ ಎರವಲು ತಂದೆವು. ಅದನ್ನೇ ಮಕ್ಕಳಿಗೂ ಕೊಟ್ಟರೆ, ಅಜ್ಜಿಯ ಬದುಕಿನ ಒಂದು ಜಾಣತನವನ್ನು ಅವರು ಅಜ್ಜಿಯ ಕೊರತೆಯೆಂದು ತಿಳಿದಾರು. ವಿದ್ಯುತ್ ಬಿಲ್ಲಿಗಿಂತ ಆ ನಷ್ಟ ದೊಡ್ಡದು.

ಒಂದು ಆಕ್ಷೇಪಣೆ ಮಾತ್ರ ನ್ಯಾಯವಾದುದು. ಬಟ್ಟೆ ಹರವಲು ಹೊತ್ತು ಬೇಕು, ಇಬ್ಬರೂ ದುಡಿಯುವ ಮನೆಯಲ್ಲಿ ಆ ಹೊತ್ತು ಯಾರದು? ಅದು ಮತ್ತೆ ಮನೆಯಾಕೆಯ ತಲೆಗೇ ಬಂದರೆ ಉಳಿತಾಯವೆನ್ನಲಾಗದು. ಹಗ್ಗ ಕಟ್ಟುವ ದಿನವೇ ಸರದಿಯೂ ಗೊತ್ತಾಗಲಿ. ಯಜಮಾನರು ಹರವಲಿ, ಮಕ್ಕಳು ಮಡಿಸಲಿ.

ವಸಂತದಲ್ಲಿ ಹೂವಿನ ಪರಾಗಕ್ಕೆ ಸೀನುವವರು, ೨೦೨೦ರ ಆಗಸ್ಟಿನಂತೆ ಕಾಡ್ಗಿಚ್ಚಿನ ಹೊಗೆ ಕವಿದ ದಿನಗಳಲ್ಲಿ ಎಲ್ಲರೂ, ಒಳಗೇ ಸ್ಟ್ಯಾಂಡಿನ ಮೇಲೆ ಹಾಕಿಕೊಳ್ಳಬಹುದು. ಡ್ರೈಯರ್ ಹಾಕಲೇಬೇಕಾದರೆ ದರ ಏರಿರುವ ಸಂಜೆ ೪ರಿಂದ ೯ರವರೆಗಿನ ಹೊತ್ತನ್ನು ಬಿಟ್ಟು ಹಾಕಿ, ಅದಕ್ಕೆ ಮೊದಲು ಒಗೆಯುವ ಯಂತ್ರದಲ್ಲೇ ಚೆನ್ನಾಗಿ ಹಿಂಡಿಸಿ.

ಈ ಬೇಸಿಗೆಯಲ್ಲಿ ಹೊದಿಕೆ, ಟವಲುಗಳಿಂದಲಾದರೂ ಆರಂಭಿಸೋಣ. ಬೇಸಿಗೆ ಮುಗಿದ ಮೇಲೆ ಸಂಘದ ಪಿಕ್ನಿಕ್ಕಿಗೆ ಬರುವಾಗ ಕಳೆದ ವರ್ಷದ ಬಿಲ್ಲನ್ನೂ ಈ ವರ್ಷದ್ದನ್ನೂ ಜೊತೆಗೆ ತನ್ನಿ. ಚಿತ್ರಾನ್ನ ತಿನ್ನುತ್ತ ಕುಳಿತು ತಾಳೆ ನೋಡೋಣ.